ಕಚ್ಚೆ ಸರಿಯಿದೆಯೇ ಎಂದು ಕೇಳುತ್ತಿದ್ದವರು

ಆಗ ನನಗೆ ಐವತ್ತನಾಲ್ಕು. ಇದು ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಕಾಶಿಯಲ್ಲಿ ಕನ್ನಡದ ಭಟ್ಟರೊಬ್ಬರ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದೆ. ಈಗಲೂ ಅಲ್ಲೇ ಇದ್ದೇನೆ, ಅಡಿಗೆ ಮಾತ್ರ ಬೇರೆಯವರದು. ನಮ್ಮ ಕಡೆಯಿಂದ ಪಿತೃಕಾರ್ಯಕ್ಕೆ ಬಂದವರು ಕೆಳಗಿನ ಕೋಣೆಗಳಲ್ಲಿ ಇಳಿದುಕೊಳ್ಳುತ್ತಿದ್ದರು. ಮಾಳಿಗೆಯ ಎರಡು ಕೋಣೆಯಲ್ಲಿ ಬಾಡಿಗೆಗೆ ಇದ್ದವರು ಬ್ಯಾಂಕಿನವರು. ಹೆಸರು ಬೇಡ. ಮನೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ.

ಅವರು ಹೋದ ತಿಂಗಳು ಧಾರವಾಡದಲ್ಲಿ ತೀರಿಕೊಂಡರೆಂದು ಭಟ್ಟರ ಮಗನಿಗೆ ಫೋನು ಬಂತು. ಏನು ಉಡಿಸಿ ಕಳಿಸಿದರು ಅಂತ ಕೇಳು ಎನ್ನಬೇಕೆನಿಸಿತು. ಎನ್ನಲಿಲ್ಲ. ಸತ್ತವರ ಮನೆಯಲ್ಲಿ ಕೇಳುವ ಮಾತಲ್ಲ. ಆದರೆ ಸತ್ತವರು ಬೇರೆ ಯಾರಾದರೂ ಆಗಿದ್ದು, ಸುದ್ದಿ ಕೇಳಿದವರು ಇವರಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು.

ಅವರು ಬಾಡಿಗೆ ಮನೆ ಕೇಳಿಕೊಂಡು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಸುಡುಬೇಸಿಗೆ. ಗಲ್ಲಿಯ ನಾಯಿಗಳೆಲ್ಲ ಚರಂಡಿಯಲ್ಲಿ ಮಲಗಿದ್ದವು. ಭಟ್ಟರು ಸೊಂಟಕ್ಕೆ ಗಮ್ಛಾ ಎಂಬ ತೆಳು ವಸ್ತ್ರ ಸುತ್ತಿಕೊಂಡು, ಬರಿಮೈಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದರು. ಬಾಗಿಲಲ್ಲಿ ಈ ಮನುಷ್ಯ ನಿಂತಿದ್ದಾರೆ: ನೀಲಿ ಸೂಟು, ಟೈ, ಕಾಲಿಗೆ ಬೂಟು. ಬೋಳು ತಲೆಯಿಂದ ಬೆವರು ಇಳಿದು ಕಾಲರಿನೊಳಗೆ ಹೋಗುತ್ತಿದೆ. ಪಕ್ಕದಲ್ಲಿ ಹನ್ನೊಂದು ವರ್ಷದ ಮಗಳು. ಹೆಂಡತಿ ಹೋಗಿ ಒಂದು ವರ್ಷವಾಗಿತ್ತಂತೆ. ನಾನು ನೀರು ಕೊಟ್ಟು, "ಕೋಟಾದ್ರೂ ಬಿಚ್ಚಿ, ಸತ್ತುಗಿತ್ತು ಹೋದೀರಿ" ಎಂದೆ.

"ಇರ್ಲಿ ಬಿಡ್ರಿ ಅಕ್ಕಾರ" ಎಂದರು. "ಮನೀ ಮಾಲಕರನ್ನ ಮೊದಲನೇ ಸಲ ನೋಡ್ಲಿಕ್ಕೆ ಬಂದೀನಿ. ಹ್ಯಾಂಗಂದ್ರ ಹಾಂಗ ಬರ್ಲಿಕ್ಕೆ ಆಗ್ತದೇನ್ರಿ?"

ಮಾಲೀಕರು ಗಮ್ಛಾವನ್ನು ಸರಿಮಾಡಿಕೊಂಡರು.

ಮೂರು ವರ್ಷಕ್ಕೆಂದು ವರ್ಗವಾಗಿ ಬಂದವರು ಹನ್ನೊಂದು ವರ್ಷ ಉಳಿದರು. ಮಗಳ ಓದು ಕೆಡುತ್ತದೆಂದು ಪ್ರಮೋಷನ್ ಬೇಡ ಎಂದರು. ನಿಜ ಹೇಳಬೇಕೆಂದರೆ ಹೊಸ ಊರಿನಲ್ಲಿ ಯಾವ ಸಮಾರಂಭಕ್ಕೆ ಏನು ಹಾಕಬೇಕೋ ಎಂಬ ಹೆದರಿಕೆಯೂ ಇತ್ತು ಎಂದು ನನ್ನ ಅನಿಸಿಕೆ.

ಒಂದು ತಗಡಿನ ಟ್ರಂಕು. ಅದರಲ್ಲಿ ಒಂದೊಂದು ಸಂದರ್ಭಕ್ಕೆ ಒಂದೊಂದು ಗಂಟು. ಸತ್ಯನಾರಾಯಣ ಪೂಜೆಗೆ ಊಟಕ್ಕೆ ಕರೆದರೆ ಒಂದು, ಉಪನಯನಕ್ಕೆ ಒಂದು, ಬ್ಯಾಂಕಿನಲ್ಲಿ ಬಾವುಟ ಹಾರಿಸುವ ದಿನಕ್ಕೆ ಒಂದು, ಸಾವಿನ ಮನೆಗೆ ಮಾತಾಡಿಸಲು ಹೋಗುವುದಕ್ಕೆ ಒಂದು. ಪ್ರತಿ ಗಂಟಿನಲ್ಲಿ ನುಸಿಗುಳಿಗೆ. ಎಲ್ಲಿಗಾದರೂ ಹೊರಟರೆಂದರೆ ಮೆಟ್ಟಿಲಿಳಿದು ಅಡಿಗೆಮನೆಯ ಬಾಗಿಲಿಗೆ ಬಂದು, ನನಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು.

"ಅಕ್ಕಾರ, ಹಿಂದ ಒಂದ್ಸಲ ನೋಡ್ರಿ. ಕಚ್ಚಿ ಸರಿ ಅದ ಏನ್ರಿ?"

"ಗಂಡಸರ ಹಿಂದುಗಡೆ ನೋಡೋದೇ ನನ್ನ ಕೆಲಸ ಅಂದ್ಕೊಂಡಿದೀರಾ?" ಎನ್ನುತ್ತಿದ್ದೆ. ನೋಡುತ್ತಲೂ ಇದ್ದೆ. ಕಚ್ಚೆ ಯಾವಾಗಲೂ ಸರಿಯೇ ಇರುತ್ತಿತ್ತು. ಗಲ್ಲಿಯ ತಿರುವಿನ ತನಕ ಹೋಗಿ ಮತ್ತೆ ಬರುತ್ತಿದ್ದರು. "ಬಿಗಿ ಹೆಚ್ಚಾತೇನೋ?" ಮತ್ತೆ ಬೆನ್ನು.

ಒಮ್ಮೆ ರೇಗಿ ಹೋಗಿ, "ನೀವು ಏನು ಉಟ್ಟಿದೀರಿ ಅಂತ ಯಾರ್ರೀ ನೋಡ್ತಾರೆ?" ಎಂದುಬಿಟ್ಟೆ.

"ಅರಿವಿ ನಮಗಲ್ರೀ ಅಕ್ಕಾರ" ಎಂದರು. ಅವರ ಕಡೆ ಬಟ್ಟೆಗೆ ಅರಿವಿ ಎನ್ನುತ್ತಾರೆ. "ಅರಿವಿ ಅಂದ್ರ ಎದುರಿಗಿದ್ದವರಿಗೆ ಮಾಡೋ ನಮಸ್ಕಾರ. ನಮಸ್ಕಾರ ತಪ್ಪಿದ್ರ ಅವರು ಬೈಯೋದಿಲ್ಲ. ಒಳಗ ಇಟ್ಕೋತಾರ."

ಟೈ ಕಟ್ಟಲು ಅವರಿಗೆ ಬರುತ್ತಿರಲಿಲ್ಲ. ನೌಕರಿಗೆ ಸೇರಿದ ಹೊಸದರಲ್ಲಿ ಹುಬ್ಬಳ್ಳಿಯಲ್ಲಿ ಯಾರೋ ಗಂಟು ಹಾಕಿಕೊಟ್ಟಿದ್ದರಂತೆ. ಆ ಗಂಟನ್ನು ಬಿಚ್ಚಿಯೇ ಇರಲಿಲ್ಲ. ಸಡಿಲ ಮಾಡಿ ತಲೆಯ ಮೇಲಿಂದ ತೆಗೆಯುವುದು, ಮೊಳೆಗೆ ತೂಗುವುದು, ಬೇಕಾದಾಗ ಮತ್ತೆ ತಲೆಯ ಮೇಲಿಂದ ಹಾಕಿ ಎಳೆಯುವುದು. ಮಗಳು ಒಂದು ದಿನ ಇಸ್ತ್ರಿ ಮಾಡೋಣವೆಂದು ಒಳ್ಳೆಯ ಮನಸ್ಸಿನಿಂದ ಅದನ್ನು ಬಿಚ್ಚಿದಳು. ಮನುಷ್ಯ ಮೆಟ್ಟಿಲ ಮೇಲೆ ಕೂತು ಟೈಯನ್ನು ಮೊಣಕಾಲಿನ ಮೇಲೆ ಹಾಸಿಕೊಂಡು ನೋಡುತ್ತಿದ್ದರು, ಹಾವು ಸತ್ತಿದೆಯೋ ಬದುಕಿದೆಯೋ ಎಂದು ನೋಡುವ ಹಾಗೆ. ಬೈಯಲಿಲ್ಲ. ಹುಡುಗಿ ಅಸ್ಸಿ ಘಾಟಿಗೆ ಓಡಿಹೋಗಿ, ಚಹಾದ ಅಂಗಡಿಯಲ್ಲಿ ಕೂತ ಯಾವನೋ ಕಾಲೇಜು ಹುಡುಗನ ಕೈಲಿ ಗಂಟು ಹಾಕಿಸಿಕೊಂಡು ಬಂದಳು. ಅವತ್ತು ಬ್ಯಾಂಕಿಗೆ ತಡವಾಯಿತು.

ಕಚ್ಚೆಯ ವಿಷಯದಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಅಪ್ಪನಿಗೆ ಪಿಂಡ ಹಾಕಲು ಬಂದ ದೊಡ್ಡ ದೊಡ್ಡ ಕೆಲಸದವರಿಗೆ ಪಂಚೆ ಉಡಲು ಬರುತ್ತಿರಲಿಲ್ಲ. ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಮೊದಲು ಇವರು ಕೆಳಗಿಳಿದು ಒಬ್ಬೊಬ್ಬರಿಗೂ ಉಡಿಸುತ್ತಿದ್ದರು. ಜನಿವಾರಕ್ಕೆ ನಾಲ್ಕೈದು ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದರು, ಯಾರಿಗೆ ಬೇಕಾದೀತೋ ಎಂದು. ಒಬ್ಬ ಯಜಮಾನ ಚಡ್ಡಿಯಲ್ಲೇ ಗಂಗೆಗೆ ಹೊರಟಿದ್ದ. ಇವರು ಅಡ್ಡ ನಿಂತರು. "ಅಪ್ಪಾರು ಮ್ಯಾಲಿಂದ ಇಳದು ಬರ್ತಾರ್ರೀ ಇವತ್ತ. ಚಡ್ಡೀ ಮ್ಯಾಲ ಭೆಟ್ಟಿ ಆಗ್ತೀರೇನು?" ಅವನು ತೆಪ್ಪಗೆ ಕೈ ಎತ್ತಿ ನಿಂತ, ಇವರು ಸುತ್ತ ಬಂದು ಉಡಿಸಿದರು.

ಆದರೆ ಘಾಟಿಗೆ ಅವರು ಇಳಿಯುತ್ತಿರಲಿಲ್ಲ. ನಮ್ಮ ಘಾಟಿನ ಪಕ್ಕದ್ದೇ ಹೆಣ ಸುಡುವ ಘಾಟು. ಹೆಂಡತಿ ಹೋದ ಮೇಲೆ ಚಿತೆಯ ಹೊಗೆ ನೋಡಲಾಗುವುದಿಲ್ಲ ಎಂದಿದ್ದರು. ಬ್ಯಾಂಕಿಗೆ ಹತ್ತಿರದ ದಾರಿ ಬಿಟ್ಟು ರಿಕ್ಷಾದಲ್ಲಿ ಗೋದೌಲಿಯಾ ಪೇಟೆ ಸುತ್ತಿಕೊಂಡು ಹೋಗುತ್ತಿದ್ದರು. ಹನ್ನೊಂದು ವರ್ಷ ಕಾಶಿಯಲ್ಲಿದ್ದು ಒಂದು ಹೆಣದ ಮೆರವಣಿಗೆ ಬಂದರೂ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ ಮುಂದಿನದೆಲ್ಲ ಇದರಿಂದಲೇ ಆಯಿತು. ಇದರಿಂದ, ಮತ್ತೆ ನನ್ನಿಂದ.

ಮಗಳು ಇಲ್ಲಿಯ ಹುಡುಗಿಯಾಗಿಯೇ ಬೆಳೆದಳು. ಜೊತೆಗೆ ಓದಿದ, ಗಂಗೆಯ ಆಚೆ ದಡದ ರಾಮನಗರದ ಹುಡುಗನನ್ನು ಮೆಚ್ಚಿದಳು. ಅವರೂ ಜನಿವಾರದವರೇ, ಬಿತ್ತನೆ ಬೀಜದ ಅಂಗಡಿ. ಹುಡುಗನ ಅಪ್ಪ ಒಪ್ಪಿದ್ದ. ಅಜ್ಜಿ ಒಪ್ಪಿರಲಿಲ್ಲ. ಎಲ್ಲಿಯದೋ ದಕ್ಷಿಣದವರು, ಕುಲ ಗೊತ್ತಿಲ್ಲ, ರೀತಿ ಗೊತ್ತಿಲ್ಲ ಎಂದು ಎರಡು ವರ್ಷ ಹಟ ಹಿಡಿದಿದ್ದಳು. ಆ ಮನೆಯಲ್ಲಿ ಅವಳ ಮಾತೇ ಕೊನೆಯದು. ಇವಳೋ, ಅವನಲ್ಲದಿದ್ದರೆ ಮದುವೆಯೇ ಬೇಡ ಎಂದು ಕೂತಿದ್ದಳು. ಕಡೆಗೆ ನನಗೆ ಐವತ್ತನಾಲ್ಕಾದ ಆ ಚಳಿಗಾಲದಲ್ಲಿ ಅಜ್ಜಿ ಹೂಂ ಎಂದಳು. ತಿಲಕದ ದಿನ ಗೊತ್ತಾಯಿತು.

ತಿಲಕವೆಂದರೆ ಇಲ್ಲಿಯವರ ಶಾಸ್ತ್ರ. ಹೆಣ್ಣಿನ ಕಡೆಯ ಗಂಡಸರು ಗಂಡಿನ ಮನೆಗೆ ಹೋಗಿ ಹುಡುಗನ ಹಣೆಗೆ ತಿಲಕವಿಟ್ಟು, ಉಡುಗೊರೆ ಕೊಟ್ಟು ಬರಬೇಕು. ಆಮೇಲೆ ಮದುವೆಯ ದಿನ ಹೇಳುತ್ತಾರೆ. ತಿಲಕ ಇಡುವವನು ಹುಡುಗಿಯ ಅಣ್ಣನೋ ತಮ್ಮನೋ ಆಗಿರಬೇಕು. ಇವಳಿಗೆ ಯಾರೂ ಇರಲಿಲ್ಲ. ಅಪ್ಪನೇ ಇಡಬೇಕು.

ಶುರುವಾಯಿತು. ಏನು ಹಾಕಿಕೊಂಡು ಹೋಗುವುದು?

ಹುಡುಗನ ಅಪ್ಪ ಗಂಡಸರೆಲ್ಲ ಸೂಟುಬೂಟಿನಲ್ಲಿ ಬನ್ನಿ ಎಂದು ಹೇಳಿಕಳಿಸಿದ್ದ. ಮಗಳೂ, "ಪಾಪಾ, ಸೂಟ್ ಹೀ ಪೆಹನ್ ಲೋ ನಾ", ಸೂಟೇ ಹಾಕಿಕೊಳ್ಳಿ, ಎಂದು ನಾಲ್ಕು ಸಲ ಹೇಳಿದಳು. ಇವರಿಗೆ ಸಮಾಧಾನವಿಲ್ಲ. "ಮಂತ್ರ ಹೇಳೋ ಕಡೆ ಹೊಲಿದ ಅರಿವಿ ಹ್ಯಾಂಗ ಹಾಕ್ಕೊಳ್ಳೋದು? ಮಡಿ ಉಡಬೇಕಲ್ಲ?" ಭಟ್ಟರನ್ನು ಕೇಳೋಣವೆಂದರೆ ಅವರು ಮಾಘಸ್ನಾನದವರನ್ನು ಕರೆದುಕೊಂಡು ಪ್ರಯಾಗಕ್ಕೆ ಹೋಗಿದ್ದರು. ಮೂರು ದಿನ ಬಾಗಿಲ ಒಂದು ಮೊಳೆಗೆ ಸೂಟು, ಇನ್ನೊಂದು ಮೊಳೆಗೆ ಧೋತರ ತೂಗುಹಾಕಿಕೊಂಡು ಮಧ್ಯೆ ಕೂತಿದ್ದರು. ಊಟ ಸೇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಗೊತ್ತಾಗಲಿಲ್ಲ.

ಆ ಧೋತರವೂ ಹೊಸದು. ರೇಷ್ಮೆ ಮಡಿಯನ್ನು ನುಸಿ ತಿಂದಿತ್ತು, ಇಷ್ಟು ನುಸಿಗುಳಿಗೆ ಹಾಕಿಯೂ. ಗೋದೌಲಿಯಾಕ್ಕೆ ಹೋಗಿ ಅಂಚಿಲ್ಲದ, ತೊಳೆಯದ ಕೋರಾ ಬಿಳಿಯದೊಂದು ಜೊತೆ ತಂದರು. ಬಂದವರೇ ಬಹಳ ಸಂತೋಷದಲ್ಲಿ ಹೇಳಿದರು: "ಅಂಗಡಿಯವ ಎಂಥಾ ಮರ್ಯಾದಸ್ಥ ಅಂತೀರಿ! ಚೌಕಾಶಿ ಇಲ್ಲ, ಏನಿಲ್ಲ. ಎದ್ದು ನಿಂತು ಕೈ ಮುಗದು ಕಟ್ಟಿ ಕೊಟ್ಟ."

ನಾನು ನಕ್ಕೆ. ಕಾಶಿಯ ಅಂಗಡಿಯವನು ಯಾವಾಗ ಎದ್ದು ನಿಂತು ಕೈ ಮುಗಿಯುತ್ತಾನೆ ಎಂದು ಯೋಚಿಸಲಿಲ್ಲ.

ಹಿಂದಿನ ದಿನ ಅಡಿಗೆಮನೆಗೆ ಬಂದು ನಿಂತರು. "ನೀವಽ ಹೇಳ್ರಿ ಅಕ್ಕಾರ. ಸೂಟೋ, ಮಡಿಯೋ?"

ನನಗೆ ಇಪ್ಪತ್ತು ಜನರ ಅಡಿಗೆ ಇತ್ತು. "ಮಂತ್ರ ಇದೆ ತಾನೇ? ಮಡೀನೇ ಉಟ್ಕೊಂಡು ಹೋಗಿ. ತಲೆ ತಿನ್ನಬೇಡಿ" ಎಂದೆ.

ಅವರ ಮುಖ ಎಷ್ಟು ಹಗುರವಾಯಿತೆಂದರೆ, ಮೂರು ದಿನದ ಮೇಲೆ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡರು.

ಮರುದಿನ ಮಧ್ಯಾಹ್ನ ಬೆನ್ನು ಮಾಡಿ ನಿಂತರು. ಕಚ್ಚೆ ನೋಡಿದೆ. ಕೋರಾ ಬಟ್ಟೆಯಾದರೂ ನೆರಿಗೆ ಗೆರೆ ಎಳೆದ ಹಾಗೆ ಕೂತಿತ್ತು. ಬರಿಮೈ, ಎಡ ಭುಜದ ಮೇಲೆ ಅದೇ ಬಿಳಿಯ ಉತ್ತರೀಯ. "ಸರಿಯಾಗಿದೆ" ಎಂದೆ. ಆ ಘಾಟಿನ ಪಕ್ಕದಲ್ಲಿ ಇಪ್ಪತ್ತು ವರ್ಷ ನೀರು ಹೊತ್ತವಳು ನಾನು. ಅವರು ಅತ್ತ ಕಣ್ಣು ಹಾಯಿಸಿದವರಲ್ಲ. ನಾನು ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ: ಬೋಳಿಸಿದ ತಲೆ, ಮೀಸೆಯಿಲ್ಲದ ಮುಖ, ಮೈಗೆ ಕೋರಾ ಬಿಳಿ ಬಟ್ಟೆ, ಕೈಯಲ್ಲಿ ಮಡಕೆ. ಇವರ ತಲೆ ಮೊದಲೇ ಬೋಳು, ಮೀಸೆ ಯಾವತ್ತೂ ಇರಲಿಲ್ಲ. ಎಲ್ಲ ಎದುರಿಗೇ ಇತ್ತು. ನಾನು ಕಚ್ಚೆ ನೋಡುತ್ತಿದ್ದೆ.

ತಿಲಕಕ್ಕೆ ಹೆಂಗಸರು ಹೋಗುವುದಿಲ್ಲ. ಆದರೆ ಹುಡುಗಿಗೆ ತಾಯಿಯಿಲ್ಲ, ಉಂಡೆ ಚಕ್ಕುಲಿ ಬುಟ್ಟಿಗಳನ್ನು ಒಳಗಿನ ಹೆಂಗಸರ ಕೈಗೆ ಕೊಡುವವರು ಬೇಕು ಎಂದು ನಾನು ಹೋದೆ. ಅವರ ಜೊತೆ ಕೆಲಸ ಮಾಡುವ ಬ್ಯಾಂಕಿನ ಇಬ್ಬರು ನೇರವಾಗಿ ಅಲ್ಲಿಗೇ ಬರುವವರಿದ್ದರು. ಜೀಪು ಸೇತುವೆ ದಾಟುವಾಗ ಇವರು ಮೈತುಂಬ ಶಾಲು ಹೊದ್ದು ತಾಂಬೂಲದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. "ಅಜ್ಜಿಗೆ ಮೊದಲು ನಮಸ್ಕಾರ ಮಾಡ್ಲ್ಯೋ, ಹುಡುಗಗ ತಿಲಕ ಇಟ್ಟ ಮ್ಯಾಲೋ?" ಎಂದು ಮೂರು ಸಲ ಕೇಳಿದರು. ಆ ಮನೆಯ ಬಾಗಿಲಲ್ಲಿ ಶಾಲು ತೆಗೆದು, ಮಡಿಸಿ, ಸೀಟಿನ ಮೇಲಿಟ್ಟು ಒಳಗೆ ನಡೆದರು.

ನಾನು ಬುಟ್ಟಿ ಹೊತ್ತು ಹಿಂಬಾಗಿಲಿನಿಂದ ಹೆಂಗಸರ ಕಡೆ ಹೋದೆ. ಅಜ್ಜಿ ಬಾಗಿಲ ಸಂದಿಯಿಂದ ಅಂಗಳ ನೋಡುತ್ತ ಮಣೆಯ ಮೇಲೆ ಕೂತಿದ್ದಳು. ವಿಧವೆ, ಶುಭಕಾರ್ಯಕ್ಕೆ ಹೊರಗೆ ಬರುವವಳಲ್ಲ. ಶಹನಾಯಿ ಬಾರಿಸುತ್ತಿದ್ದರು. ಅಂಗಳದಲ್ಲಿ ಜನರೆಲ್ಲ ಕೋಟಿನಲ್ಲಿ, ಹುಡುಗ ಮಣೆಯ ಮೇಲೆ. ಇವರು ತಟ್ಟೆ ಹಿಡಿದು ಒಳಗೆ ಬಂದರು.

ಅಜ್ಜಿಯ ಕೈಲಿದ್ದ ಲೋಟ ಬಿತ್ತು. "ಹೇ ರಾಮ್! ಯಾರ ಚಿತೆಗೆ ಬೆಂಕಿ ಇಟ್ಟು ಬಂದ ಇವನು? ನನ್ನ ಮೊಮ್ಮಗನ ಎದುರಿಗೆ ಕಳಿಸ್ತೀರಾ?" ಎಂದು ಅವರ ಭಾಷೆಯಲ್ಲಿ ಕಿರುಚಿದಳು. ಒಳಗಿನ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಒಬ್ಬಳು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಶಹನಾಯಿ ಅರ್ಧಕ್ಕೆ ನಿಂತಿತು.

ಆಗ ನನಗೆ ಕಂಡಿತು. ಅಲ್ಲಿಯ ತನಕ ಕಂಡಿರಲಿಲ್ಲ.

ಅಂಗಳದ ಮಧ್ಯೆ ಅವರು ಒಬ್ಬರೇ. ಸುತ್ತಲಿನವರು ಎರಡು ಹೆಜ್ಜೆ ಹಿಂದೆ ಸರಿದಿದ್ದರು, ಬ್ಯಾಂಕಿನ ಇಬ್ಬರೂ ಸಹ. ತಟ್ಟೆ ವಾಲಿ ಅಡಿಕೆಗಳು ಉರುಳಿ ಕೆಳಗೆ ಬೀಳುತ್ತಿದ್ದವು. ಏನಾಯಿತೆಂದು ಅವರಿಗೆ ಗೊತ್ತಿಲ್ಲ. ಕಣ್ಣಿನಲ್ಲಿ ಹುಡುಕಿ ಹುಡುಕಿ ಬಾಗಿಲಲ್ಲಿ ನನ್ನನ್ನು ಕಂಡರು. ಅಷ್ಟು ಜನರ ಮಧ್ಯೆ ಕನ್ನಡದಲ್ಲಿ ಕೇಳಿದರು:

"ಅಕ್ಕಾರ, ಕಚ್ಚಿ ಬಿಚ್ಚೇದೇನ್ರಿ?"

"ಕಚ್ಚೆ ಸರಿಯಿದೆ" ಎಂದೆ. "ಬಟ್ಟೆ ತಪ್ಪಾಯ್ತು. ಇವರಲ್ಲಿ ಇದು ಹೆಣ ಸುಟ್ಟು ಬಂದವರು ಉಡೋದು."

ಅವರ ಒಂದು ಕೈ ತಟ್ಟೆ ಬಿಟ್ಟು ಎದೆಯನ್ನು ಮುಚ್ಚಿಕೊಂಡಿತು, ಬೆತ್ತಲೆ ನಿಂತವರ ಹಾಗೆ. ಓಡಿಹೋಗುತ್ತಾರೆ ಎಂದುಕೊಂಡೆ. ಓಡಲಿಲ್ಲ. ಮಾಘದ ಚಳಿಗೆ ಮೈಮೇಲಿನ ಕೂದಲೆಲ್ಲ ನಿಂತಿತ್ತು.

ಹುಡುಗನ ಅಪ್ಪ ದಪ್ಪ ಮನುಷ್ಯ, ಎತ್ತರ. ತಿಲಕಕ್ಕೆಂದೇ ಹೊಲಿಸಿದ ಮುಚ್ಚುಕೊರಳಿನ ಕರಿಯ ಕೋಟು ಹಾಕಿದ್ದ. ಮುಂದೆ ಬಂದ. ಒಂದೊಂದೇ ಗುಂಡಿ ಬಿಚ್ಚಿದ. "ಸಮಧೀಜಿ, ಠಂಡ್ ಬಹುತ್ ಹೈ" ಎಂದ ಗಟ್ಟಿಯಾಗಿ, ಎಲ್ಲರಿಗೂ ಕೇಳಿಸುವ ಹಾಗೆ. ಬೀಗರೇ, ಚಳಿ ಬಹಳ ಎಂದ. ಕೋಟನ್ನು ಇವರಿಗೆ ತೊಡಿಸಿ, ತಾನೇ ಗುಂಡಿ ಹಾಕಿದ. ತೋಳು ಬೆರಳ ತುದಿ ಮುಚ್ಚುವಷ್ಟು ಉದ್ದ. ತಾನು ಬರಿಯ ಅಂಗಿಯಲ್ಲಿ ನಿಂತು ಶಹನಾಯಿಯವರಿಗೆ ಕೈ ಸನ್ನೆ ಮಾಡಿದ.

ತಿಲಕವಾಯಿತು. ಕೋಟಿನ ಉದ್ದ ತೋಳು ಅಡ್ಡ ಬಂದು ಹುಡುಗನ ಹಣೆಯ ತಿಲಕ ಸೊಟ್ಟಗಾಯಿತು. ಅಜ್ಜಿ ಎದ್ದು ಒಳಗಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಮದುವೆಯ ದಿನ ಹೇಳುವ ಹೊತ್ತಿಗೆ ಹುಡುಗನ ಅಪ್ಪ ನೆಲ ನೋಡುತ್ತ, "ಅದು ಅಮ್ಮನ ಬಾಯಿಂದ ಬರಬೇಕು. ಹೇಳಿ ಕಳಿಸ್ತೀವಿ" ಎಂದ. ಹೇಳಿ ಕಳಿಸುತ್ತೇವೆ ಎಂಬ ಮಾತಿಗೆ ಕಾಶಿಯಲ್ಲೂ ಒಂದೇ ಅರ್ಥ, ಮೈಸೂರಿನಲ್ಲೂ ಒಂದೇ ಅರ್ಥ.

ಹಿಂದಕ್ಕೆ ಬರುವಾಗ ಸೇತುವೆಯ ಮೇಲೆ ಅವರು ಒಂದೇ ಮಾತು ಆಡಿದರು. "ನಮ್ಮ ಅಪ್ಪ ಧೋತರದ ಮ್ಯಾಲ ಕರೇ ಕೋಟ ಹಾಕ್ಕೋತಿದ್ದ ಅಕ್ಕಾರ, ಮದುವಿಗೆ ಹೋದ್ರ. ನನಗ ಅದು ನೆನಪಽ ಆಗ್ಲಿಲ್ಲ."

ಮಡೀನೇ ಉಡಿ ಎಂದವಳು ನಾನು ಎಂದು ಅವರು ಹೇಳಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ.

ಮಗಳು ಬಾಗಿಲಲ್ಲೇ ಇದ್ದಳು. "ಪಾಪಾ, ಯೇ ಕಿಸ್ಕಾ ಕೋಟ್ ಹೈ?" ಇದು ಯಾರ ಕೋಟು ಎಂದು ಕೇಳಿದಳು.

"ಅವರ ಮನೀದು. ಥಂಡಿ ಇತ್ತು" ಎಂದು ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ಕೆಳಗಿಳಿದು, ಕೋಟನ್ನು ಎರಡೂ ಕೈಯಲ್ಲಿ ಹಿಡಿದು ಅಡಿಗೆಮನೆಯ ಬಾಗಿಲಿಗೆ ಬಂದರು. "ಇದನ್ನ ಹ್ಯಾಂಗ ವಾಪಸ್ ಮುಟ್ಟಿಸೋದ್ರಿ? ತೊಳಿಸಿ ಕೊಡಬೇಕೋ, ಹಾಂಗಽ ಕೊಡಬೇಕೋ? ಯಾರ ಕೈಯಾಗ ಕೊಡಬೇಕು? ಇದಕ್ಕೇನರ ರೀತಿ ಇದ್ದೀತಲ್ಲ?" ಕಣ್ಣು ಕೆಂಪಾಗಿತ್ತು. "ಹುಡುಗಿಗೆ ಏನ ಹೇಳ್ಲಿ?"

"ಕೋಟು ಇಲ್ಲಿ ಕೊಡಿ" ಎಂದೆ.

ಮರುದಿನ ಬೆಳಿಗ್ಗೆ ಒಲೆಗೆ ಬೇಳೆ ಇಟ್ಟು, ಹುಡುಗಿಗೆ ನೋಡಿಕೋ ಎಂದು ಹೇಳಿ, ಕೋಟನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಆಟೋ ಹತ್ತಿದೆ. ಯಾರನ್ನೂ ಕೇಳಲಿಲ್ಲ. ರಾಮನಗರದಲ್ಲಿ ಅಜ್ಜಿ ಬಿಸಿಲಿಗೆ ಮಂಚ ಹಾಕಿಸಿಕೊಂಡು ಬಟಾಣಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ನಾನು ನೆಲದ ಮೇಲೆ ಕೂತು, ಒಂದು ಹಿಡಿ ಬಟಾಣಿ ನನ್ನ ಕಡೆಗೆ ಎಳೆದುಕೊಂಡೆ.

"ಅವರು ಸೂಟು ಹಾಕ್ತೀನಿ ಅಂದ್ರು, ನಾನೇ ಬೇಡ ಅಂದೆ" ಎಂದೆ, ನನಗೆ ಬರುವ ಹಿಂದಿಯಲ್ಲಿ. "ಬೈಯೋದಾದ್ರೆ ನನ್ನನ್ನ ಬಯ್ಯಿ."

"ನೀನು ಕಾಶಿಯಲ್ಲಿ ಇರೋಳು ತಾನೇ? ಗೊತ್ತಿರಲಿಲ್ವಾ?"

"ಗೊತ್ತಿತ್ತು. ಹೊಳೆಯಲಿಲ್ಲ."

ಅವಳು ಒಂದು ಸಿಪ್ಪೆ ಬಿಸಾಡಿದಳು. "ನಿಮ್ಮಲ್ಲಿ ಸತ್ತಾಗ ಏನು ಉಡ್ತಾರೆ?"

"ಅದನ್ನೇ. ಪೂಜೆಗೂ ಅದೇ. ದೇವರ ಎದುರಿಗೆ ನಿಲ್ಲೋವಾಗ ಹೊಲಿದ ಬಟ್ಟೆ ಹಾಕಲ್ಲ. ನಿನ್ನ ಮನೆ ಅಂಗಳಾನ ಆ ಮನುಷ್ಯ ಅಷ್ಟು ದೊಡ್ಡದು ಅಂದ್ಕೊಂಡ. ಮೂರು ದಿನ ಊಟ ಮಾಡಿಲ್ಲ, ಏನು ಹಾಕ್ಕೊಂಡು ನಿನ್ನ ಎದುರಿಗೆ ಬರೋದು ಅಂತ." ಅಷ್ಟಕ್ಕೇ ಬಿಡದೆ ಮತ್ತೆ ಹೇಳಿದೆ: "ಬಿಳಿ ನೋಡಿ ಹೆದರ್ತೀಯಲ್ಲ, ನೀನು ಉಟ್ಟಿರೋದು ಯಾವ ಬಣ್ಣ?"

ಅವಳು ತನ್ನ ಬಿಳಿ ಸೀರೆ ನೋಡಿಕೊಂಡಳು. ಸೆರಗು ಎಳೆದುಕೊಂಡು ಮತ್ತೆ ಬಟಾಣಿಗೆ ಕೈ ಹಾಕಿದಳು. ಕೆಲಸ ಕೆಟ್ಟಿತು ಎಂದುಕೊಂಡೆ. ನನ್ನ ಬಾಯಿಂದ ಕೆಟ್ಟದ್ದು ಇದೇ ಮೊದಲಲ್ಲ. ಇಬ್ಬರೂ ಸುಲಿದೆವು. ಬುಟ್ಟಿ ಬರಿದಾಯಿತು. ನಾನು ಎದ್ದು ಕೋಟಿನ ಗಂಟನ್ನು ಮಂಚದ ಮೇಲಿಟ್ಟೆ.

ಅವಳು ಅದನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. "ಸಮಧಿಗೆ ತೊಡಿಸಿದ್ದು ಈ ಮನೆಗೆ ವಾಪಸ್ ಬರಲ್ಲ. ದಿಬ್ಬಣ ಬಂದಾಗ ಬಾಗಿಲಲ್ಲಿ ಇದನ್ನೇ ಹಾಕ್ಕೊಂಡು ನಿಲ್ಲೋಕೆ ಹೇಳು. ಕೆಳಗೆ ಅವನ ಇಷ್ಟ ಬಂದದ್ದು ಉಟ್ಟುಕೊಳ್ಳಲಿ."

ಮನೆಗೆ ಬಂದಾಗ ಬೇಳೆ ತಳ ಹಿಡಿದಿತ್ತು. ಅವರು ಬ್ಯಾಂಕಿಗೆ ಹೋಗಿರಲಿಲ್ಲ. ಟೈ ಕೊರಳಿಗೆ ಹಾಕಿಕೊಂಡು, ಎಳೆಯದೆ, ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದರು. ನನ್ನ ಕೈಲಿದ್ದ ಗಂಟು ನೋಡಿ ಮುಖ ಬಾಡಿತು. "ತಗೊಳ್ಳಲಿಲ್ಲೇನ್ರಿ?"

ಅವರ ಪಕ್ಕದ ಮೆಟ್ಟಿಲ ಮೇಲೆ ಕೂತೆ. ಕೋಟು ಬಿಚ್ಚಿ ತೊಡೆಯ ಮೇಲೆ ಹಾಸಿ, ಸೂಜಿಗೆ ಕರಿಯ ದಾರ ಪೋಣಿಸಿ, ಒಂದು ತೋಳನ್ನು ಮೂರು ಬೆರಳು ಒಳಕ್ಕೆ ಮಡಿಚಿ ಹೊಲಿಯತೊಡಗಿದೆ.

"ಅಕ್ಕಾರ, ಮಂದೀ ಕೋಟದು. ಹೊಲೀಬಾರದ್ರಿ."

"ಕೈ ನೀಡಿ" ಎಂದೆ, "ಇನ್ನೊಂದು ತೋಳಿನ ಅಳತೆ ನೋಡಬೇಕು."